ಒಡೆದ ಹಿಮ್ಮಡಿಗೆ ಮೊದಲು ನೀರು, ಆಮೇಲೆ ಎಣ್ಣೆ

ಹಿಮ್ಮಡಿ ಒಡೆದಾಗ ನಮ್ಮ ಮನೆಗಳಲ್ಲಿ ಕೈ ಮೊದಲು ಹೋಗುವುದು ಎಣ್ಣೆಯ ಬಾಟಲಿಗೆ. ರಾತ್ರಿ ಮಲಗುವ ಮುನ್ನ ಒಣಗಿ ಬಿರಿದ ಹಿಮ್ಮಡಿಗೆ ಕೊಬ್ಬರಿ ಎಣ್ಣೆಯನ್ನೋ ಹರಳೆಣ್ಣೆಯನ್ನೋ ಸವರಿ ಮಲಗಿದರೆ, ಬೆಳಿಗ್ಗೆ ಚರ್ಮ ಮಿನುಗುತ್ತಿರುತ್ತದೆಯೇ ಹೊರತು ಬಿರುಕು ಇದ್ದಂತೆಯೇ ಇರುತ್ತದೆ. ಕೆಲವು ದಿನ ಹೀಗೆ ಮಾಡಿ ಬೇಸತ್ತವರು ಅಂಗಡಿಯಿಂದ ಯಾವುದಾದರೊಂದು ಕ್ರೀಮು ತರುತ್ತಾರೆ, ಅದನ್ನೂ ಅದೇ ಒಣ ಹಿಮ್ಮಡಿಯ ಮೇಲೆ ಅದೇ ರೀತಿ ಸವರುತ್ತಾರೆ, ಫಲವೂ ಅಷ್ಟಕ್ಕಷ್ಟೆ ಆಗಿರುತ್ತದೆ. ಇಲ್ಲಿ ಎಣ್ಣೆಯ ದೋಷವಾಗಲಿ ಕ್ರೀಮಿನ ದೋಷವಾಗಲಿ ಅಷ್ಟೇನೂ ಇಲ್ಲ. ಹಚ್ಚುವ ಕ್ರಮ ತಪ್ಪಿದೆ.

1952ರಲ್ಲಿ ಅಮೆರಿಕದ ಇರ್ವಿನ್ ಬ್ಲ್ಯಾಂಕ್ ಎಂಬ ವಿಜ್ಞಾನಿ ಜಡ್ಡುಗಟ್ಟಿದ ಚರ್ಮದ ಒಣ ತುಣುಕುಗಳನ್ನು ಇಟ್ಟುಕೊಂಡು ಬಹಳ ಸರಳವಾದ ಪ್ರಯೋಗಗಳನ್ನು ಮಾಡಿದರು. ಒಣಗಿ ಗಡುಸಾದ ತುಣುಕುಗಳನ್ನು ಎಣ್ಣೆಯಲ್ಲಿ ಮುಳುಗಿಸಿಟ್ಟರೂ ಅವು ಗಡುಸಾಗಿಯೇ ಉಳಿದವು. ನೀರು ಹೀರಿಕೊಂಡಾಗ ಮಾತ್ರ ಮೆತ್ತಗಾಗಿ ಬಾಗತೊಡಗಿದವು. ಚರ್ಮದ ಹೊರಪದರವನ್ನು ಮೆದುವಾಗಿಡುವುದು ಅದರೊಳಗಿನ ನೀರು, ಆ ನೀರು ಆರಿಹೋಗದಂತೆ ತಡೆಯುವುದಷ್ಟೇ ಜಿಡ್ಡಿನ ಕೆಲಸ ಎಂಬ ಇಂದಿನ ತಿಳಿವಳಿಕೆಗೆ ಆ ಪ್ರಯೋಗಗಳು ತಳಹದಿ ಹಾಕಿದವು. ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ: ಖಡಕ್ ರೊಟ್ಟಿಯನ್ನು ಮಡಚಬೇಕೆಂದರೆ ಮೊದಲು ನೀರು ಚಿಮುಕಿಸಬೇಕು, ಅದರ ಮೇಲೆ ಎಷ್ಟು ಎಣ್ಣೆ ಸವರಿದರೂ ಮಡಚಿದ ಕೂಡಲೇ ಅದು ಮುರಿಯುತ್ತದೆ.

ಮೈಯಲ್ಲಿ ಇಷ್ಟೊಂದು ಚರ್ಮವಿರುವಾಗ ಹಿಮ್ಮಡಿಯೇ ಏಕೆ ಒಡೆಯುತ್ತದೆ ಎಂಬುದಕ್ಕೆ ಅಂಗಾಲಿನ ರಚನೆಯಲ್ಲೇ ಉತ್ತರವಿದೆ. ಮುಖ, ತಲೆ, ಎದೆಯ ಚರ್ಮದಲ್ಲಿ ಜಿಡ್ಡು ಸ್ರವಿಸುವ ಸಣ್ಣ ಗ್ರಂಥಿಗಳಿವೆ. ಅಂಗೈ ಮತ್ತು ಅಂಗಾಲುಗಳಲ್ಲಿ ಅವು ಇಲ್ಲವೇ ಇಲ್ಲ. ಅಂಗಾಲಿಗೆ ದಟ್ಟವಾಗಿರುವುದು ಬೆವರಿನ ಗ್ರಂಥಿಗಳು ಮಾತ್ರ, ಹಾಗಾಗಿ ಅದಕ್ಕೆ ತೇವ ಸಿಗುವುದು ಬೆವರಿನಿಂದಲೇ. ಜೊತೆಗೆ, ಸತ್ತ ಕೋಶಗಳು ಒಂದರ ಮೇಲೊಂದು ಕೂತು ಆಗಿರುವ ಹೊರಪದರವು ಅಂಗಾಲಿನಲ್ಲಿ ಬೇರೆಲ್ಲೆಡೆಗಿಂತ ದಪ್ಪವಾಗಿರುತ್ತದೆ, ಮತ್ತು ಒತ್ತಡವೂ ತಿಕ್ಕಾಟವೂ ಹೆಚ್ಚಿದಷ್ಟೂ ಅದು ಇನ್ನಷ್ಟು ದಪ್ಪವಾಗುತ್ತ ಹೋಗುತ್ತದೆ. ಬರಿಗಾಲಲ್ಲಿ ನಡೆಯುವವರಿಗೆ ಇದು ರಕ್ಷಣೆ. ಆದರೆ ಅದೇ ಪದರ ಒಣಗಿದಾಗ ಹಿಗ್ಗುವ ಗುಣವನ್ನು ಕಳೆದುಕೊಂಡು ಗಡುಸಾದ ಅಂಚಾಗಿ ಹಿಮ್ಮಡಿಯ ಸುತ್ತ ನಿಲ್ಲುತ್ತದೆ.

ಇನ್ನು ಹಿಮ್ಮಡಿಯ ಮೂಳೆಯ ಕೆಳಗೆ ಕೊಬ್ಬಿನ ದಪ್ಪ ಮೆತ್ತೆಯೊಂದಿದೆ. ನಾವು ಹೆಜ್ಜೆ ಊರಿದಾಗಲೆಲ್ಲ ಮೈಯ ಭಾರಕ್ಕೆ ಆ ಮೆತ್ತೆ ಚಪ್ಪಟೆಯಾಗಿ ಬದಿಗಳಿಗೆ ಹಿಗ್ಗುತ್ತದೆ, ಕಾಲೆತ್ತಿದಾಗ ಮತ್ತೆ ಕುಗ್ಗುತ್ತದೆ. ಸುತ್ತಲಿನ ಚರ್ಮ ಮೆದುವಾಗಿದ್ದರೆ ಅದರೊಂದಿಗೆ ತಾನೂ ಹಿಗ್ಗಿ ಕುಗ್ಗುತ್ತದೆ, ಗಡುಸಾಗಿದ್ದರೆ ಸೀಳುತ್ತದೆ. ಬಿರುಕುಗಳು ಹಿಮ್ಮಡಿಯ ನಟ್ಟನಡುವೆ ಏಳದೆ ಅಂಚಿನಲ್ಲಿ, ಅದೂ ಮೇಲಿನಿಂದ ಕೆಳಕ್ಕೆ ಗೀರಿದಂತೆ ಏಳುವುದಕ್ಕೆ ಇದೇ ಕಾರಣ. ಹೀಗಾಗಿ ಬಿರುಕು ಮುಚ್ಚುವುದೊಂದೇ ಚಿಕಿತ್ಸೆಯಾಗಲಾರದು. ಸುತ್ತಲಿನ ಗಡುಸು ಅಂಚು ತೆಳುವಾಗಿ ಮೆತ್ತಗಾಗುವವರೆಗೆ, ಇಂದು ಕೂಡಿದ ಬಿರುಕು ನಾಳೆಯ ನಡಿಗೆಗೆ ಮತ್ತೆ ತೆರೆದುಕೊಳ್ಳುತ್ತದೆ.

ಒಣಗಿಸುವ ಕಾರಣಗಳು ಊರಿನಿಂದ ಊರಿಗೆ ಬೇರೆ. ಬಯಲುಸೀಮೆಯಲ್ಲಿ ನವೆಂಬರಿನಿಂದ ಫೆಬ್ರುವರಿಯವರೆಗೆ ಬೀಸುವ ಒಣ ಚಳಿಗಾಳಿ ಮುಖ್ಯ ಕಾರಣವಾದರೆ, ಗದ್ದೆಯ ಕೆಸರಿನಲ್ಲಿ ದಿನವಿಡೀ ನಿಂತು ಸಂಜೆ ಕಾಲು ತೊಳೆದು ಒಣಗಿಸಿಕೊಳ್ಳುವವರಿಗೆ ನೆನೆಯುವುದು ಮತ್ತು ಒಣಗುವುದು ಮೇಲಿಂದ ಮೇಲೆ ನಡೆಯುವುದೇ ತೊಂದರೆ. ಚಳಿದೇಶಗಳಲ್ಲಿ ನೆಲೆಸಿದ ಕನ್ನಡಿಗರ ಹಿಮ್ಮಡಿ ಮೊದಲ ಚಳಿಗಾಲದಲ್ಲೇ ಒಡೆಯುವುದುಂಟು, ಏಕೆಂದರೆ ಅಲ್ಲಿ ಬಿಸಿ ಮಾಡಿದ ಮನೆಯೊಳಗಿನ ಗಾಳಿ ತೀರ ಒಣಗಿರುತ್ತದೆ. ಆದರೆ ನಮ್ಮಲ್ಲಿ ಅತಿ ಹೆಚ್ಚು ಹಿಮ್ಮಡಿಗಳನ್ನು ಒಡೆಯುವುದು ಮನೆಗೆಲಸವೇ ಎಂದು ನಾನು ನಂಬಿದ್ದೇನೆ. ಬಟ್ಟೆ ಒಗೆಯುವಾಗ ಸೋಪಿನ ನೀರಿನಲ್ಲಿ ನಿಲ್ಲುವುದು, ಫಿನಾಯಿಲು ಹಾಕಿ ಒರೆಸಿದ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವುದು, ಅಡುಗೆಮನೆಯ ಗಟ್ಟಿ ಕಲ್ಲುಹಾಸಿನ ಮೇಲೆ ಗಂಟೆಗಟ್ಟಲೆ ನಿಂತಿರುವುದು, ಇವೆಲ್ಲ ಸೇರಿ ಜಡ್ಡನ್ನು ದಪ್ಪವಾಗಿಸುತ್ತವೆ, ಚರ್ಮದ ಕೋಶಗಳೊಳಗೆ ನೀರನ್ನು ಹಿಡಿದಿಡುವ ಸಹಜ ಪದಾರ್ಥಗಳನ್ನು ದಿನದಿನವೂ ತೊಳೆದು ಹಾಕುತ್ತವೆ. ಹೆಂಗಸರ ಒಡೆದ ಹಿಮ್ಮಡಿಯನ್ನು ಅಲಂಕಾರದ ಕೊರತೆಯೆಂಬಂತೆ ತೋರಿಸುವ ಜಾಹೀರಾತುಗಳು ಈ ದುಡಿಮೆಯ ಮಾತನ್ನೇ ಎತ್ತುವುದಿಲ್ಲ. ಹಿಮ್ಮಡಿ ಒಡೆಯುವುದಕ್ಕೆ ವಿಟಮಿನ್ ಕೊರತೆಯೇ ಕಾರಣ, ಹೆಚ್ಚು ನೀರು ಕುಡಿದರೆ ಸರಿಹೋಗುತ್ತದೆ ಎಂಬ ಮಾತುಗಳೂ ಪ್ರಚಾರದಲ್ಲಿವೆ. ತೀವ್ರವಾದ ಪೋಷಕಾಂಶ ಕೊರತೆಯಲ್ಲಿ ಚರ್ಮ ಕೆಡುವುದು ನಿಜವಾದರೂ, ಬೇರೆ ಲಕ್ಷಣಗಳಿಲ್ಲದೆ ಹಿಮ್ಮಡಿಯೊಂದೇ ಒಡೆದಿದ್ದರೆ ಮಾತ್ರೆ ನುಂಗುವುದರಿಂದ ಪ್ರಯೋಜನ ಕಡಿಮೆ. ಕುಡಿದ ನೀರೂ ಆ ದಪ್ಪ ಸತ್ತ ಪದರವನ್ನು ಮೆತ್ತಗಾಗಿಸುವಷ್ಟು ಅಲ್ಲಿಗೆ ತಲುಪುವುದಿಲ್ಲ.

ಮನೆಯಲ್ಲಿ ಮಾಡಿಕೊಳ್ಳಬಹುದಾದ ಅತ್ಯುತ್ತಮ ಆರೈಕೆಯನ್ನು ನಮ್ಮ ದೇಶದಲ್ಲಿ ದಶಕಗಳಿಂದ ಕಲಿಸುತ್ತ ಬಂದವರು ಕುಷ್ಠರೋಗ ನಿರ್ಮೂಲನೆಗಾಗಿ ಹಳ್ಳಿಹಳ್ಳಿ ತಿರುಗುವ ಆರೋಗ್ಯ ಕಾರ್ಯಕರ್ತರು. ಕುಷ್ಠರೋಗದಿಂದ ನರಗಳು ಹಾನಿಗೊಂಡ ಪಾದದಲ್ಲಿ ಬೆವರು ನಿಲ್ಲುತ್ತದೆ, ಬೆವರಿಲ್ಲದ ಅಂಗಾಲು ಒಣಗಿ ಬಿರಿಯುತ್ತದೆ, ನೋವೇ ತಿಳಿಯದ ಆ ಬಿರುಕು ಹುಣ್ಣಾಗಿ ಮೂಳೆಯವರೆಗೂ ಇಳಿಯಬಹುದು. ಇದನ್ನು ತಡೆಯಲು ಅವರು ಹೇಳಿಕೊಡುವ ಪಾಠ ಮೂರೇ ಮಾತಿನದು: ನೆನೆಸಿ, ಉಜ್ಜಿ, ಎಣ್ಣೆ ಹಚ್ಚಿ. ಒಂದು ಬೋಗುಣಿ, ನೀರು, ಒರಟು ಕಲ್ಲು, ಮನೆಯ ಎಣ್ಣೆ ಇವಿಷ್ಟೇ ಅದಕ್ಕೆ ಬೇಕಾದ ಸಾಮಗ್ರಿ. ದುಬಾರಿ ಬ್ಯೂಟಿ ಪಾರ್ಲರುಗಳ ಪಾದಸೇವೆಯೂ ತಿರುಳಿನಲ್ಲಿ ಇದೇ ಮೂರು ಹೆಜ್ಜೆ.

ನೆನೆಸುವುದಕ್ಕೆ ಉಗುರುಬೆಚ್ಚಗಿನ ಬರಿಯ ನೀರು ಸಾಕು, ಹತ್ತರಿಂದ ಹದಿನೈದು ನಿಮಿಷ ಸಾಕು. ಕಾಲು ಚುರುಗುಟ್ಟುವಷ್ಟು ಬಿಸಿನೀರು ಚರ್ಮದಲ್ಲಿರುವ ಅಲ್ಪಸ್ವಲ್ಪ ಕೊಬ್ಬಿನ ಅಂಶವನ್ನೂ ಕರಗಿಸಿ ಒಯ್ಯುತ್ತದೆ. ಉಪ್ಪು ಹಾಕಿದರೆ ಹಿತವೆನಿಸಬಹುದು, ಆದರೆ ಒಣಚರ್ಮಕ್ಕೆ ಅದರ ಅಗತ್ಯವಿಲ್ಲ, ಬಿರುಕಿದ್ದರೆ ಉರಿಯೂ ಆಗುತ್ತದೆ. ಕೊಳೆ ತೆಗೆಯಲು ಮೈಸೋಪು ಸ್ವಲ್ಪ ಬಳಸಬಹುದು. ಬಟ್ಟೆಸೋಪಿನಲ್ಲಿ ಕಾಲು ತಿಕ್ಕುವ ರೂಢಿಯನ್ನು ಮಾತ್ರ ಬಿಡಲೇಬೇಕು.

ನೆನೆದು ಬಿಳುಚಿಕೊಂಡ ಜಡ್ಡಿನ ಮೇಲೆ ಬಚ್ಚಲುಮನೆಯ ಉಜ್ಜುಕಲ್ಲನ್ನೋ ಅಂಗಡಿಯಲ್ಲಿ ಸಿಗುವ ಹಗುರವಾದ ಪ್ಯೂಮಿಸ್ ಕಲ್ಲನ್ನೋ ಒಂದೆರಡು ನಿಮಿಷ ಹಗುರವಾಗಿ ಆಡಿಸಬೇಕು. ಗುರಿ ಇರುವುದು ಗಡುಸು ಅಂಚನ್ನು ತುಸು ತೆಳುವಾಗಿಸುವುದರ ಮೇಲೆ. ಒಂದೇ ದಿನದಲ್ಲಿ ಎಲ್ಲವನ್ನೂ ತೆಗೆದುಬಿಡುವ ಹಟ ಬೇಡ. ಚರ್ಮ ಕೆಂಪಗಾಗುವಷ್ಟು, ಉರಿಯುವಷ್ಟು ಉಜ್ಜಿದರೆ ದೇಹ ಅದನ್ನು ಹೊಸ ತಿಕ್ಕಾಟವೆಂದೇ ಎಣಿಸಿ ಇನ್ನೂ ದಪ್ಪ ಪದರ ಕಟ್ಟುತ್ತದೆ. ಆದ್ದರಿಂದ ವಾರಕ್ಕೆ ಎರಡು ಮೂರು ಸಲ ಉಜ್ಜಿದರೆ ಸಾಕು, ತೇವಗೊಳಿಸಿ ಹಚ್ಚುವುದನ್ನು ಮಾತ್ರ ದಿನವೂ ಮಾಡಬೇಕು. ಕಲ್ಲು ಒಬ್ಬೊಬ್ಬರಿಗೆ ಒಂದೊಂದಿರಲಿ, ಬಳಸಿದ ಮೇಲೆ ತೊಳೆದು ಬಿಸಿಲಿಗಿಡಿ; ಮನೆಮಂದಿಗೆಲ್ಲ ಒಂದೇ ಕಲ್ಲಾದರೆ ಒಬ್ಬರ ಕಾಲಿನ ಶಿಲೀಂಧ್ರ ಎಲ್ಲರಿಗೂ ಹಂಚಿಹೋಗುತ್ತದೆ.

ಮೂರನೆಯ ಹೆಜ್ಜೆಯಲ್ಲಿ ಹೊತ್ತಿಗೇ ಬೆಲೆ. ಬಟ್ಟೆಯಿಂದ ಕಾಲನ್ನು ಒತ್ತಿ ನೀರು ತೆಗೆದು, ಚರ್ಮದಲ್ಲಿ ತೇವ ಇನ್ನೂ ಇರುವಾಗಲೇ, ಎಂದರೆ ಎರಡು ಮೂರು ನಿಮಿಷದೊಳಗೆ, ಜಿಡ್ಡನ್ನು ಹಚ್ಚಬೇಕು. ಅರ್ಧ ಗಂಟೆ ಬಿಟ್ಟು ಹಚ್ಚಿದರೆ ನೆನೆಸಿದ ನೀರೆಲ್ಲ ಗಾಳಿಗೆ ಆರಿಹೋಗಿರುತ್ತದೆ, ಮಾಡಿದ ಶ್ರಮ ವ್ಯರ್ಥವಾಗುತ್ತದೆ. ಹಚ್ಚಿದ ಮೇಲೆ ಸಡಿಲವಾದ ಹತ್ತಿಯ ಕಾಲುಚೀಲ ಹಾಕಿ ಮಲಗಿದರೆ ಜಿಡ್ಡು ಹಾಸಿಗೆಗೆ ಒರೆಸಿಹೋಗುವುದಿಲ್ಲ.

ಯಾವುದನ್ನು ಹಚ್ಚಬೇಕು ಎಂಬ ವಿಷಯದಲ್ಲಿ ನಮ್ಮ ಪಶ್ಚಿಮ ಘಟ್ಟದ ಜನ ಬಹಳ ಹಿಂದೆಯೇ ಒಳ್ಳೆಯ ಆಯ್ಕೆ ಮಾಡಿಕೊಂಡಿದ್ದಾರೆ. ಮಲೆನಾಡಿನಲ್ಲಿ ಮುರುಗಲು ಎಂದೂ ದಕ್ಷಿಣ ಕನ್ನಡದ ಕಡೆ ಪುನರ್ಪುಳಿ ಎಂದೂ ಕರೆಯುವ ಹಣ್ಣಿನ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದಾಗ ಮೇಲೆ ತೇಲುವ ಕೊಬ್ಬೇ ಮುರುಗಲು ತುಪ್ಪ. ಆರಿದ ಮೇಲೆ ಅದು ಗಟ್ಟಿಯಾಗುವುದರಿಂದ ಉಂಡೆ ಕಟ್ಟಿ ವರ್ಷವಿಡೀ ಇಟ್ಟುಕೊಳ್ಳುತ್ತಾರೆ. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗಿದ್ದು ಮೈಶಾಖದ ಆಸುಪಾಸಿನಲ್ಲಿ, ಸುಮಾರು 38ರಿಂದ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕರಗುವುದು ಅದರ ವಿಶೇಷ ಗುಣ. ಸ್ವಲ್ಪ ಬಿಸಿ ಮಾಡಿ ಬಿರುಕಿಗೆ ತುಂಬಿದರೆ ಒಳಗಿಳಿದು ಅಲ್ಲೇ ಗಟ್ಟಿಯಾಗಿ ಕೂರುತ್ತದೆ, ತೆಳು ಎಣ್ಣೆಯಂತೆ ಹರಿದುಹೋಗುವುದಿಲ್ಲ. ಇದು ಸಿಗದ ಕಡೆ ನಾಲ್ಕು ಪಾಲು ಕೊಬ್ಬರಿ ಎಣ್ಣೆಗೆ ಒಂದು ಪಾಲು ಜೇನುಮೇಣ ಸೇರಿಸಿ, ಕುದಿಯುವ ನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಕರಗಿಸಿ, ಪೂರ್ತಿ ಆರಿದ ಮೇಲೆ ಬಳಸಬಹುದು. ಬಿಡಿ ಎಣ್ಣೆಗಳಲ್ಲಿ ಹರಳೆಣ್ಣೆ ಮಂದವಾಗಿರುವುದರಿಂದ ಹೆಚ್ಚು ಹೊತ್ತು ನಿಲ್ಲುತ್ತದೆ. ಲೋಳೆಸರ, ಬಾಳೆಹಣ್ಣಿನ ತಿರುಳುಗಳಲ್ಲಿ ನೀರಿದೆಯೇ ವಿನಾ ಅದನ್ನು ಹಿಡಿದಿಡುವ ಜಿಡ್ಡಿಲ್ಲ, ಹಾಗಾಗಿ ಅವನ್ನು ಹಚ್ಚಿದರೂ ಮೇಲೊಂದು ಜಿಡ್ಡು ಬೇಕೇ ಬೇಕು.

ನೀರನ್ನು ತಡೆದಿಡುವ ಕೆಲಸವೊಂದನ್ನೇ ನೋಡಿದರೆ, ಅಮೆರಿಕದಲ್ಲಿ 1872ರಲ್ಲಿ ಪೇಟೆಂಟ್ ಪಡೆದ ವ್ಯಾಸಲೀನ್, ಅಂದರೆ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸುವ ಪದಾರ್ಥ ಇಂದಿಗೂ ವಿರಳ. ಅದು ಅಗ್ಗ, ಕೆಡುವುದಿಲ್ಲ, ಅಲರ್ಜಿಯೂ ಅಪರೂಪ.

ಆದರೆ ಜಡ್ಡು ತೀರ ದಪ್ಪವಾಗಿದ್ದರೆ ನೀರು ಮತ್ತು ಜಿಡ್ಡು ಎರಡೇ ಸಾಲುವುದಿಲ್ಲ, ಸತ್ತ ಪದರವನ್ನು ಸಡಿಲಿಸುವ ಮತ್ತೊಂದು ವಸ್ತು ಬೇಕಾಗುತ್ತದೆ. ಅದಕ್ಕೆ ಹೆಚ್ಚು ನಂಬಬಹುದಾದದ್ದು ಯೂರಿಯಾ ಇರುವ ಕ್ರೀಮು. ಯೂರಿಯಾ ನಮ್ಮ ಚರ್ಮದಲ್ಲೇ ಸಹಜವಾಗಿ ಇದ್ದು ನೀರನ್ನು ಹಿಡಿದಿಡುವ ಪದಾರ್ಥಗಳಲ್ಲಿ ಒಂದು. ಶೇಕಡ 10ರ ಆಸುಪಾಸಿನಲ್ಲಿ ಅದು ಮುಖ್ಯವಾಗಿ ತೇವ ಕೊಡುತ್ತದೆ. ಶೇಕಡ 20ರಿಂದ 25ರ ಮಟ್ಟದಲ್ಲಿ ಸತ್ತ ಕೋಶಗಳ ನಡುವಿನ ಬಿಗಿಯನ್ನೂ ಸಡಿಲಿಸುತ್ತದೆ. ಶೇಕಡ 40ರ ಕ್ರೀಮು ಉಗುರನ್ನೇ ಮೆತ್ತಗಾಗಿಸುವಷ್ಟು ಪ್ರಬಲವಾದ್ದರಿಂದ ಅದನ್ನು ವೈದ್ಯರ ಸಲಹೆಯಿಲ್ಲದೆ ಬಳಸಬಾರದು. ಕೊಳ್ಳುವಾಗ ಟ್ಯೂಬಿನ ಮೇಲಿನ ಚಿತ್ರವನ್ನು ಬಿಟ್ಟು ಈ ಶೇಕಡ ಲೆಕ್ಕವನ್ನು ಓದಿ. ಹೊಲಕ್ಕೆ ಹಾಕುವ ಯೂರಿಯಾ ಚೀಲ ಮನೆಯಲ್ಲೇ ಇದೆಯಲ್ಲ ಎಂದು ಅದನ್ನು ನೀರಿಗೆ ಕಲಸಿ ಕಾಲಿಗೆ ಹಚ್ಚುವ ಯೋಚನೆ ಯಾರಿಗೂ ಬರದಿರಲಿ. ಅದು ಬೇವಿನೆಣ್ಣೆಯ ಲೇಪವಿರುವ ಗೊಬ್ಬರ, ಚರ್ಮಕ್ಕೆಂದು ಶುದ್ಧಗೊಳಿಸಿದ ಔಷಧವಲ್ಲ. ಶೇಕಡ 6ರ ಸ್ಯಾಲಿಸಿಲಿಕ್ ಆಮ್ಲದ ಮುಲಾಮು ಕೂಡ ಜಡ್ಡನ್ನು ಕರಗಿಸುತ್ತದೆ, ಆದರೆ ಅದು ಬಿರುಕಿಲ್ಲದ ದಪ್ಪ ಚರ್ಮದ ಮೇಲೆ ಮಾತ್ರ ಸಲ್ಲುವಂಥದ್ದು, ಮತ್ತು ಮಕ್ಕಳು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು ಅದನ್ನು ತಾವಾಗಿಯೇ ಬಳಸಬಾರದು.

ಬಿರುಕು ಆಳವಾಗಿ ರಕ್ತ ಜಿನುಗುತ್ತಿದ್ದರೆ ಕ್ರಮ ಬೇರೆ. ಹೊರಪದರದಲ್ಲೇ ನಿಂತ ಬಿರುಕು ನೋಯುವುದಿಲ್ಲ. ನೋವೂ ರಕ್ತವೂ ಇದೆಯೆಂದರೆ ಅದು ಜೀವಂತ ಚರ್ಮಕ್ಕೆ ತಲುಪಿದ ಗಾಯ. ಅಂಥ ಕಡೆ ಕಲ್ಲನ್ನೂ ಯೂರಿಯಾವನ್ನೂ ತಾಗಿಸದೆ, ಶುದ್ಧ ನೀರು ಮತ್ತು ಸೋಪಿನಲ್ಲಿ ತೊಳೆದು, ಒತ್ತಿ ಒರೆಸಿ, ಪೆಟ್ರೋಲಿಯಂ ಜೆಲ್ಲಿ ತುಂಬಿ, ಬಿರುಕಿನ ಎರಡು ಅಂಚುಗಳು ಹತ್ತಿರ ಬರುವಂತೆ ಅಡ್ಡಡ್ಡಲಾಗಿ ಬ್ಯಾಂಡೇಜ್ ಪಟ್ಟಿ ಹಾಕಿ, ಅದನ್ನು ದಿನವೂ ಬದಲಿಸಬೇಕು. ಅಂಚುಗಳು ಪ್ರತಿ ಹೆಜ್ಜೆಗೂ ಎಳೆದಾಡುವುದು ನಿಂತರೆ ಗಾಯ ಬೇಗ ಕೂಡುತ್ತದೆ. ಧನುರ್ವಾಯು ತಡೆಯುವ ಟಿಟಿ ಚುಚ್ಚುಮದ್ದು ಯಾವಾಗ ಆಗಿತ್ತೆಂಬುದನ್ನೂ ಆ ಹೊತ್ತಿನಲ್ಲಿ ನೆನಪು ಮಾಡಿಕೊಳ್ಳುವುದು ಒಳ್ಳೆಯದು. ಕರಾವಳಿ, ಮಲೆನಾಡಿನ ಗದ್ದೆ ತೋಟಗಳಲ್ಲಿ ದುಡಿಯುವವರಿಗೆ ಇಲಿಜ್ವರದ ಸೋಂಕು ಇಂಥ ಗಾಯಗಳ ಮೂಲಕವೂ ಒಳಹೋಗುತ್ತದೆ, ಆದ್ದರಿಂದ ಬಿರುಕು ಕೂಡುವವರೆಗೆ ಕೆಸರಿಗಿಳಿಯುವಾಗ ಗಂಬೂಟು ಹಾಕಲೇಬೇಕು. ಆನೆಕಾಲು ರೋಗದಿಂದ ಕಾಲು ಊದಿದವರಲ್ಲಿ ಒಂದು ಸಣ್ಣ ಬಿರುಕಿನಿಂದಲೇ ಕಾಲು ಕೆಂಪೇರಿ ಚಳಿಜ್ವರ ಬರುವುದುಂಟು. ಕಲಬುರಗಿ, ಬೀದರ್, ಯಾದಗಿರಿ ಕಡೆಗಳಲ್ಲಿ ಆ ರೋಗಿಗಳಿಗೆ ದಿನವೂ ಕಾಲು ತೊಳೆದು ಒರೆಸಿಕೊಳ್ಳುವುದನ್ನು ಹೇಳಿಕೊಡುವುದು ಇದೇ ಕಾರಣಕ್ಕೆ.

ಬ್ಲೇಡಿನಿಂದ ಜಡ್ಡು ಹೆರೆಯುವುದು, ಬಿಸಿ ಮೇಣವನ್ನು ನೇರವಾಗಿ ಬಿರುಕಿಗೆ ಹನಿಸುವುದು, ಥಟ್ಟನೆ ಅಂಟುವ ಅಂಟಿನಿಂದ ಸೀಳು ಕೂಡಿಸುವುದು, ಸುಣ್ಣ ಇಲ್ಲವೇ ನಿಂಬೆರಸ ಹಚ್ಚುವುದು, ಇವುಗಳಲ್ಲಿ ಯಾವುದನ್ನೂ ಮಾಡಬಾರದು. ಕ್ಷಾರವೂ ಆಮ್ಲವೂ ಒಡೆದ ಚರ್ಮವನ್ನು ಸುಡುತ್ತವೆ, ಬ್ಲೇಡಿನ ಆಳ ಕೈಗೆ ತಿಳಿಯುವ ಮೊದಲೇ ಗಾಯವಾಗಿರುತ್ತದೆ.

ಚಪ್ಪಲಿಯ ವಿಚಾರ ಔಷಧದಷ್ಟೇ ಮುಖ್ಯವಾದರೂ ಅದನ್ನು ಕೇಳುವವರು ಕಡಿಮೆ. ಹಿಂಬದಿ ತೆರೆದ, ಸವೆದು ತೆಳುವಾದ ಹವಾಯಿ ಚಪ್ಪಲಿಯಲ್ಲಿ ಹಿಮ್ಮಡಿಯ ಮೆತ್ತೆ ಯಾವ ತಡೆಯೂ ಇಲ್ಲದೆ ಬದಿಗೆ ಹಿಗ್ಗುತ್ತದೆ, ಎಷ್ಟೋ ಸಲ ಹಿಮ್ಮಡಿಯ ಅಂಚು ಚಪ್ಪಲಿಯಿಂದ ಹೊರಚಾಚಿ ನೆಲಕ್ಕೇ ತಿಕ್ಕುತ್ತಿರುತ್ತದೆ. ಹಿಮ್ಮಡಿಯನ್ನು ಸುತ್ತಲಿಂದ ಹಿಡಿಯುವ ಬೂಟು, ಅದಾಗದಿದ್ದರೆ ಮೆತ್ತನೆಯ ದಪ್ಪ ಅಟ್ಟೆಯ, ಕಾಲಿಗಿಂತ ಒಂದಿಷ್ಟು ಉದ್ದವಿರುವ, ಹಿಂಪಟ್ಟಿಯ ಚಪ್ಪಲಿ ಹಾಕಿದರೆ ಬಿರುಕಿನ ಮೇಲಿನ ಎಳೆತ ಕಡಿಮೆಯಾಗುತ್ತದೆ. ಅಡುಗೆಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲುವವರು ಮನೆಯೊಳಗೆ ಹಾಕಲೆಂದೇ ಒಂದು ಮೆತ್ತನೆಯ ಜೋಡು ಇಟ್ಟುಕೊಂಡರೆ, ಅಥವಾ ನಿಲ್ಲುವ ಜಾಗಕ್ಕೊಂದು ದಪ್ಪ ಚಾಪೆ ಹಾಸಿಕೊಂಡರೆ ವ್ಯತ್ಯಾಸ ಕಾಣುತ್ತದೆ.

ಸಕ್ಕರೆ ಕಾಯಿಲೆ ಇರುವವರು ಈ ಲೇಖನದ ನೆನೆಸುವ, ಉಜ್ಜುವ ಭಾಗವನ್ನು ತಮಗೆ ಅನ್ವಯಿಸಿಕೊಳ್ಳಬಾರದು. ಕಾಯಿಲೆ ನರಗಳನ್ನು ಬಾಧಿಸಿದಾಗ ಬೆವರು ಕುಗ್ಗಿ ಅಂಗಾಲು ಒಣಗುತ್ತದೆ, ಸ್ಪರ್ಶ ಮಂಕಾಗುತ್ತದೆ, ರಕ್ತಸಂಚಾರವೂ ಕುಗ್ಗಿದ್ದರೆ ಚಿಕ್ಕ ಗಾಯವೂ ಮಾಯುವುದಿಲ್ಲ. ಅವರು ಕಾಲನ್ನು ಬೇಗ ತೊಳೆದು, ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿಕೊಂಡು, ಬೆರಳ ಸಂದಿಗಳನ್ನು ಒಣಗಿಸಿ, ಆ ಸಂದಿಗಳನ್ನು ಬಿಟ್ಟು ಉಳಿದ ಅಂಗಾಲಿಗೆ ತೇವ ಕೊಡುವ ಕ್ರೀಮು ಹಚ್ಚಬೇಕು. ದಿನವೂ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕು, ಇಲ್ಲವೇ ಮನೆಯವರಿಂದ ನೋಡಿಸಬೇಕು. ಬಿರುಕು ಕಂಡ ದಿನವೇ ವೈದ್ಯರಿಗೆ ತೋರಿಸುವುದು ಅವರ ಮಟ್ಟಿಗೆ ಅತಿ ಎಚ್ಚರವೇನೂ ಅಲ್ಲ. ಮಧ್ಯಾಹ್ನದ ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ, ಅಂಗಾಲು ಬೊಬ್ಬೆ ಎದ್ದದ್ದೇ ತಿಳಿಯದೆ ಹುಣ್ಣು ಮಾಡಿಕೊಳ್ಳುವವರು ಇದ್ದಾರೆ. ಅವರು ದರ್ಶನಕ್ಕೆ ಬೆಳಗಿನ ತಂಪು ಹೊತ್ತನ್ನು ಆರಿಸಿಕೊಂಡು ದಪ್ಪ ಕಾಲುಚೀಲ ಹಾಕಿ ಹೋಗುವುದು ಕ್ಷೇಮ.

ಒಡೆದಂತೆ ಕಾಣುವ ಹಿಮ್ಮಡಿಗಳಲ್ಲಿ ಕೆಲವು ಬರಿಯ ಒಣಚರ್ಮದವಾಗಿರುವುದಿಲ್ಲ. ಅಂಗಾಲಿಡೀ ಹಿಟ್ಟು ಉದುರಿಸಿದಂತೆ ಸಿಪ್ಪೆಯೆದ್ದು, ಗೆರೆಗಳಲ್ಲಿ ಬಿಳಿಪುಡಿ ಕೂತು, ಉಗುರೂ ದಪ್ಪವಾಗಿ ಹಳದಿಯಾಗಿದ್ದರೆ, ಅಥವಾ ಎರಡು ಕಾಲಿನ ಜೊತೆ ಒಂದೇ ಅಂಗೈ ಸಿಪ್ಪೆಯೇಳುತ್ತಿದ್ದರೆ, ಶಿಲೀಂಧ್ರದ ಸೋಂಕನ್ನು ಶಂಕಿಸಬೇಕು. ಸ್ಪಷ್ಟ ಗಡಿಯಿರುವ ಕೆಂಪು ದಪ್ಪ ಮಚ್ಚೆಗಳು ಅಂಗೈ, ಮೊಣಕೈ, ನೆತ್ತಿಯಲ್ಲೂ ಇದ್ದರೆ ಸೋರಿಯಾಸಿಸ್ ಇರಬಹುದು. ತುರಿಕೆ ಮತ್ತು ನೀರುಗುಳ್ಳೆಗಳಿದ್ದರೆ ಎಕ್ಸಿಮಾ. ಮೈಯೆಲ್ಲ ಒಣಗಿ, ಆಯಾಸ ಹೆಚ್ಚಿ, ತೂಕ ಏರುತ್ತಿದ್ದರೆ ಥೈರಾಯ್ಡ್ ಕೊರತೆ. ಕಾಲಿನಲ್ಲಿ ಸ್ಪರ್ಶವಿಲ್ಲದ ಜಾಗವಿದ್ದರೆ ಕುಷ್ಠರೋಗದ ಪರೀಕ್ಷೆಯನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಮಾಡುತ್ತಾರೆ, ಅದರ ಔಷಧವೂ ಉಚಿತ. ರಾಯಚೂರು, ಯಾದಗಿರಿ ಜಿಲ್ಲೆಗಳ ಚಿನ್ನದ ಅದಿರಿನ ಪಟ್ಟಿಯ ಕೆಲವು ಹಳ್ಳಿಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ಕಂಡುಬಂದಿದೆ. ವರ್ಷಗಟ್ಟಲೆ ಅಂಥ ನೀರು ಕುಡಿದವರ ಅಂಗೈ ಅಂಗಾಲುಗಳಲ್ಲಿ ಜೋಳದ ಕಾಳಿನಂಥ ಗಡುಸು ಗಂಟುಗಳು ಏಳುತ್ತವೆ, ಅದಕ್ಕೆ ಮೊದಲ ಚಿಕಿತ್ಸೆ ಕುಡಿಯುವ ನೀರನ್ನು ಬದಲಿಸುವುದು.

ಹಿಮ್ಮಡಿಯ ದಪ್ಪ ಪದರ ಹೊಸದಾಗಲು ವಾರಗಳೇ ಬೇಕು. ದಿನವೂ ತಪ್ಪದೆ ಆರೈಕೆ ಮಾಡಿದರೆ ಮೊದಲ ವಾರದಲ್ಲಿ ಚರ್ಮ ಮೆತ್ತಗಾಗುತ್ತದೆ, ಬಿರುಕುಗಳು ಕೂಡಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಆಮೇಲೆ ಉಜ್ಜುವುದನ್ನು ವಾರಕ್ಕೊಮ್ಮೆಗೆ ಇಳಿಸಿ ಹಚ್ಚುವುದನ್ನು ಮಾತ್ರ ಚಳಿಗಾಲ ಮುಗಿಯುವವರೆಗೆ ಬಿಡದೆ ಮುಂದುವರಿಸಬೇಕು. ಕೀವು, ಹಬ್ಬುವ ಕೆಂಪು, ಊತ ಅಥವಾ ಜ್ವರ ಕಂಡರೆ ಒಂದು ದಿನವೂ ಕಾಯಬಾರದು. ಇವೇನೂ ಇಲ್ಲದೆ, ನಾಲ್ಕು ವಾರ ಕಳೆದರೂ ಬದಲಾವಣೆ ಕಾಣದಿದ್ದರೆ ಚರ್ಮವೈದ್ಯರ ಬಳಿಗೆ ಹೋಗಿ. ಸಿಪ್ಪೆಯನ್ನು ತುಸು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರವಿದೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ಹೋಗುವಾಗ ಅಲ್ಲಿಯವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಜೊತೆಗೆ ಒಯ್ಯಿರಿ. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಕ್ರೀಮುಗಳಲ್ಲಿ ಹಲವು ಸ್ಟೀರಾಯ್ಡ್ ಬೆರೆತವು; ಅವು ತುರಿಕೆಯನ್ನು ಅಡಗಿಸಿ ಶಿಲೀಂಧ್ರವನ್ನು ಬೆಳೆಯಗೊಟ್ಟು ಅದರ ಗುರುತನ್ನೇ ಮರೆಮಾಡಿರುತ್ತವೆ, ಮತ್ತು ಹಚ್ಚಿದ್ದು ಏನೆಂದು ಗೊತ್ತಾದರೆ ವೈದ್ಯರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕಾಲನ್ನು ಪರೀಕ್ಷಿಸುತ್ತಾರೆ.